ಇಪ್ಪತ್ತೊಂದನೆಯ ಕಂಪ್ಯೂಟರಿಗೆ ಬಾಗಿಲಿಲ್ಲ

ಹುಬ್ಬಳ್ಳಿಯ ಯಾವುದಾದರೂ ಆಡಿಟರ್ ಆಫೀಸಿಗೋ ಪ್ರಿಂಟಿಂಗ್ ಪ್ರೆಸ್ಸಿಗೋ ಹೋಗಿ ‘ನಿಮ್ಮ ಸರ್ವರ್ ಎಲ್ಲಿದೆ’ ಎಂದು ಕೇಳಿ ನೋಡಿ. ಹೆಚ್ಚಿನ ಕಡೆ ಮೇಜಿನ ಕೆಳಗೆ ಕೈ ತೋರಿಸುತ್ತಾರೆ. ಯುಪಿಎಸ್ ಪಕ್ಕದಲ್ಲಿ, ಚಪ್ಪಲಿಗಳ ನಡುವೆ, ಉಳಿದವುಗಳ ಹಾಗೆಯೇ ಕಾಣುವ ಒಂದು ಡೆಸ್ಕ್‌ಟಾಪ್ ಇರುತ್ತದೆ. ಅದರ ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ, ರೈಟ್ ಕ್ಲಿಕ್ ಒತ್ತಿ, ಶೇರ್ ಮಾಡಿರುತ್ತಾರೆ. ಗ್ರಾಹಕರ ಪ್ಯಾನ್ ಪ್ರತಿಗಳಿಂದ ಹಿಡಿದು ಹತ್ತು ವರ್ಷದ ಬ್ಯಾಲೆನ್ಸ್ ಶೀಟುಗಳವರೆಗೆ ಆಫೀಸಿನ ಜೀವವೆಲ್ಲ ಅದರೊಳಗೇ ಇರುತ್ತದೆ.

ಇಂಥ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕೊಪ್ಪೀಕರ್ ರಸ್ತೆಯ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ, ಒಂದು ಸ್ಕೂಟರ್, ಒಂದು ಟೂಲ್ ಬ್ಯಾಗು. ನನಗೆ ಬರುವ ಫೋನುಗಳಲ್ಲಿ ಒಂದು ಬಗೆಯದನ್ನು ಮೊದಲ ಮಾತಿನಲ್ಲೇ ಗುರುತಿಸಬಲ್ಲೆ: ‘ಅಕ್ಕಾರ, ಎಲ್ಲಾರದೂ ಓಪನ್ ಆಗೇತ್ರಿ, ನಂದೊಂದ ಆಗವಲ್ದು.’ ಹೀಗೆ ಹೇಳುವವರು ಸಾಮಾನ್ಯವಾಗಿ ಆ ಆಫೀಸಿನ ಕಿರಿಯರು. ಕುಂದಗೋಳದಿಂದಲೋ ನವಲಗುಂದದಿಂದಲೋ ಬಸ್ಸು ಹಿಡಿದು ಬರುವ ಡೇಟಾ ಎಂಟ್ರಿ ಹುಡುಗಿ, ಅಥವಾ ಆರ್ಟಿಕಲ್‌ಶಿಪ್‌ಗೆ ಹೊಸದಾಗಿ ಸೇರಿ ಸ್ವಂತ ಲ್ಯಾಪ್‌ಟಾಪ್ ತಂದ ಹುಡುಗ. ಅವರ ಪರದೆಯ ಮೇಲೆ ಇಂಗ್ಲಿಷಿನ ಒಂದು ಉದ್ದ ವಾಕ್ಯ ಬಂದಿರುತ್ತದೆ. ಆ ಕಂಪ್ಯೂಟರಿಗೆ ಇನ್ನು ಯಾರೂ ಸೇರಲಾಗದು, ಅದು ತೆಗೆದುಕೊಳ್ಳಬಹುದಾದಷ್ಟು ಕನೆಕ್ಷನ್‌ಗಳು ಈಗಾಗಲೇ ಇವೆ ಎಂಬುದು ಅದರ ಸಾರ. ಅದನ್ನು ಪೂರ್ತಿ ಓದಿದವರು ಕಡಿಮೆ. ಯಜಮಾನರು ಬಂದು ಕೇಬಲ್ ಅಲುಗಾಡಿಸುತ್ತಾರೆ. ಮರುದಿನ ಹೊಸ ಸ್ವಿಚ್ ಬರುತ್ತದೆ. ಅದರ ಮರುದಿನ ಆ ಹುಡುಗಿಯ ಕಂಪ್ಯೂಟರ್ ಫಾರ್ಮ್ಯಾಟ್ ಆಗುತ್ತದೆ. ತಪ್ಪು ಅವಳದೂ ಅಲ್ಲ, ಅವಳ ಕಂಪ್ಯೂಟರಿನದೂ ಅಲ್ಲ. ಅವಳಿಗಿಂತ ಮೊದಲು ಬಂದವರಿಗೇ ಬಾಗಿಲ ಲೆಕ್ಕ ಮುಗಿದಿತ್ತು, ಅಷ್ಟೆ.

ಈ ಲೆಕ್ಕವನ್ನು ಇಟ್ಟಿರುವುದು ವಿಂಡೋಸ್. ನಾವು ಡೆಸ್ಕ್‌ಟಾಪ್ ಜೊತೆಗೆ ಕೊಳ್ಳುವ ವಿಂಡೋಸ್ ಒಬ್ಬರು ಕುಳಿತು ಕೆಲಸ ಮಾಡಲೆಂದು ಸಿದ್ಧವಾದದ್ದು. ಅದರ ಫೈಲುಗಳನ್ನು ಬೇರೆಯವರೂ ಬಳಸಬಹುದು, ಆದರೆ ಒಂದು ಮಿತಿಯವರೆಗೆ ಮಾತ್ರ. ಎಕ್ಸ್‌ಪಿ ಕಾಲದಲ್ಲಿ ಹೋಮ್ ಆವೃತ್ತಿಗೆ 5, ಪ್ರೊಫೆಷನಲ್ ಆವೃತ್ತಿಗೆ 10 ಕಂಪ್ಯೂಟರುಗಳ ಮಿತಿ ಇತ್ತು. ವಿಂಡೋಸ್ 7ರಲ್ಲಿ ಅದು 20 ಆಯಿತು. ವಿಂಡೋಸ್ 10 ಬಂತು, 11 ಬಂತು, ಸಂಖ್ಯೆ 20ರಲ್ಲೇ ನಿಂತಿದೆ. ಇನ್‌ಸ್ಟಾಲ್ ಮಾಡುವಾಗ ನಾವು ಓದದೆ ‘ಒಪ್ಪಿಗೆ’ ಒತ್ತುವ ಲೈಸೆನ್ಸ್ ಪತ್ರದಲ್ಲೇ ಇದು ಬರೆದಿದೆ: ಫೈಲ್, ಪ್ರಿಂಟ್, ಇಂಟರ್ನೆಟ್ ಹಂಚಿಕೆ ಮುಂತಾದ ಕೆಲಸಗಳಿಗೆ ಬೇರೆ 20 ಸಾಧನಗಳು ಈ ಕಂಪ್ಯೂಟರನ್ನು ಬಳಸಬಹುದು. ಪ್ರೊಸೆಸರ್ ಎಷ್ಟೇ ದೊಡ್ಡದಿರಲಿ, 64 ಜಿಬಿ ರ‍್ಯಾಮ್ ಹಾಕಿಸಿರಿ, ಆ ಸಂಖ್ಯೆ ಕದಲುವುದಿಲ್ಲ. ಯಂತ್ರಕ್ಕೆ ದಣಿವಾಗಿ ಅದು ಬಾಗಿಲು ಹಾಕಿಕೊಳ್ಳುತ್ತಿಲ್ಲ. ಲೈಸೆನ್ಸ್ ಹಾಗೆ ಹೇಳುತ್ತದೆ ಎಂಬ ಕಾರಣಕ್ಕೆ ಹಾಕಿಕೊಳ್ಳುತ್ತದೆ.

ಇದರ ಹಿಂದೆ ಒಂದು ಹಳೆಯ ಜಗಳವಿದೆ. 1996ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4.0 ತರುತ್ತಿತ್ತು. ಅದರಲ್ಲಿ ಎರಡು ಬಗೆ: ಕಡಿಮೆ ಬೆಲೆಯ ವರ್ಕ್‌ಸ್ಟೇಷನ್, ಬಹಳ ಹೆಚ್ಚು ಬೆಲೆಯ ಸರ್ವರ್. ವರ್ಕ್‌ಸ್ಟೇಷನ್ನಿನ ಪರೀಕ್ಷಾ ಪ್ರತಿಯಲ್ಲಿ ಹತ್ತು ನಿಮಿಷದೊಳಗೆ ಹತ್ತಕ್ಕಿಂತ ಹೆಚ್ಚು ಬೇರೆ ಬೇರೆ ವಿಳಾಸಗಳಿಂದ ಯಾರೂ ಸೇರದಂತೆ ತಡೆ ಹಾಕಿದ್ದರು. ಕಂಪ್ಯೂಟರ್ ಪುಸ್ತಕಗಳ ಪ್ರಕಾಶಕ ಟಿಮ್ ಓ’ರೈಲಿ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಸದ್ದು ಜೋರಾದಾಗ ಮೈಕ್ರೋಸಾಫ್ಟ್ ಆ ತಾಂತ್ರಿಕ ತಡೆಯನ್ನು ತೆಗೆಯಿತು, ಆದರೆ ಹತ್ತರ ಮಿತಿಯನ್ನು ಲೈಸೆನ್ಸಿನಲ್ಲಿ ಉಳಿಸಿಕೊಂಡಿತು. ಅದೇ ವರ್ಷ ಓ’ರೈಲಿ ಸಂಸ್ಥೆಯ ಆಂಡ್ರ್ಯೂ ಶುಲ್ಮನ್, ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಜೊತೆಗೂಡಿ ಎರಡೂ ಆವೃತ್ತಿಗಳ ಒಳಗನ್ನು ಬಿಚ್ಚಿ ನೋಡಿದರು. ಎರಡರ ತಿರುಳೂ ಒಂದೇ ಆಗಿತ್ತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿನ ಸಣ್ಣ ಗುರುತನ್ನು ಓದಿ, ತಾನು ವರ್ಕ್‌ಸ್ಟೇಷನ್ನೋ ಸರ್ವರೋ ಎಂಬುದನ್ನು ಸಿಸ್ಟಮ್ ಆನ್ ಆಗುವಾಗ ನಿರ್ಧರಿಸುತ್ತಿತ್ತು. ಅದನ್ನು ಬಯಲು ಮಾಡಿದ ರುಸಿನೋವಿಚ್ ಹತ್ತು ವರ್ಷದ ನಂತರ, 2006ರಲ್ಲಿ, ಮೈಕ್ರೋಸಾಫ್ಟನ್ನೇ ಸೇರಿದರು.

ಒಂದೇ ಸರಕಿಗೆ ಎರಡು ಬೆಲೆ ಇಡುವುದು ವ್ಯಾಪಾರ, ಅದರ ಬಗ್ಗೆ ನನಗೆ ತಕರಾರಿಲ್ಲ. ಮಾರುವವರು ಇದನ್ನು ಹೇಳದೆ ಇರುವುದರ ಬಗ್ಗೆ ಇದೆ. ‘ಆಫೀಸಿಗೆ ಸರ್ವರ್ ಬೇಕು, ಮೂವತ್ತು ಸಿಸ್ಟಮ್ ಇವೆ’ ಎಂದು ಕೇಳಿಕೊಂಡು ಬಂದವರಿಗೆ ಒಳ್ಳೆಯ ಡೆಸ್ಕ್‌ಟಾಪೊಂದನ್ನು ಕಟ್ಟಿಕೊಟ್ಟು ಕಳಿಸುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಕೊಂಡವರಿಗೆ ಮಿತಿ ಗೊತ್ತಾಗುವುದು ಸಿಬ್ಬಂದಿ ಬೆಳೆದ ಮೇಲೆ, ಅದೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಖಿನ ಹಿಂದಿನ ದಿನ, ಎಲ್ಲರೂ ಒಟ್ಟಿಗೆ ಕುಳಿತಾಗ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ನಮ್ಮಲ್ಲಿರುವುದು ಹದಿನಾರೇ ಜನ, ಇಪ್ಪತ್ತು ಹೇಗಾದೀತು?’ ಎಂದು ವಾದಿಸುವವರು ಬಹಳ. ವಿಂಡೋಸ್ ಜನರನ್ನು ಎಣಿಸುವುದಿಲ್ಲ, ತೆರೆದ ಫೈಲುಗಳನ್ನೂ ಎಣಿಸುವುದಿಲ್ಲ. ಅದು ಎಣಿಸುವುದು ಸೆಷನ್‌ಗಳನ್ನು. ಒಂದು ಕಂಪ್ಯೂಟರ್ ಒಂದು ಯೂಸರ್ ಹೆಸರಿನಲ್ಲಿ ಸರ್ವರಿಗೆ ಪರಿಚಯ ಹೇಳಿ ಒಳಗೆ ಬಂದರೆ ಅದು ಒಂದು ಸೆಷನ್. ಒಳಗೆ ಬಂದ ಮೇಲೆ ಅದು ನೂರು ಫೈಲ್ ತೆರೆದರೂ ಲೆಕ್ಕ ಒಂದೇ. ಆದರೆ ಅದೇ ಕಂಪ್ಯೂಟರಿನಲ್ಲಿ ಬೆಳಗಿನವರು ಲಾಗ್ ಆಫ್ ಮಾಡದೆ ಎದ್ದು, ಮಧ್ಯಾಹ್ನದವರು ಮತ್ತೊಂದು ಯೂಸರ್ ಆಗಿ ಒಳಬಂದರೆ ಎರಡು. ಒಬ್ಬರೇ ಸರ್ವರನ್ನು ಒಂದು ಡ್ರೈವಿನಲ್ಲಿ ಹೆಸರಿನಿಂದ, ಇನ್ನೊಂದರಲ್ಲಿ ಐಪಿ ವಿಳಾಸದಿಂದ ಮ್ಯಾಪ್ ಮಾಡಿಕೊಂಡಿದ್ದರೂ ಪಟ್ಟಿಯಲ್ಲಿ ಎರಡು ಸಾಲು ಕಾಣುತ್ತದೆ. ವಿಂಡೋಸ್ ಪಾಲಿಗೆ ಅವು ಬೇರೆ ಬೇರೆ ಸರ್ವರುಗಳು. ಮೂಲೆಯ ದೊಡ್ಡ ಜೆರಾಕ್ಸ್ ಮಷೀನು ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರಿಗೆ ಹಾಕುತ್ತದಲ್ಲ, ಅದಕ್ಕೂ ಒಂದು ಸ್ಥಾನ ಬೇಕು. ಸಾಹೇಬರ ಫೋನಿನ ಫೈಲ್ ಮ್ಯಾನೇಜರ್ ಆ್ಯಪಿಗೂ ಒಂದು. ಸರ್ವರಿಗೇ ಪ್ರಿಂಟರ್ ಜೋಡಿಸಿ ಶೇರ್ ಮಾಡಿದ್ದರೆ, ಪ್ರಿಂಟ್ ಕೊಡಲಷ್ಟೇ ಬರುವ ಸಿಸ್ಟಮ್‌ಗಳೂ ಇದೇ ಇಪ್ಪತ್ತರಲ್ಲಿ ಸೇರುತ್ತವೆ.

ಕೆಲಸ ಮುಗಿದ ಮೇಲೂ ಸೆಷನ್ ಕೂಡಲೇ ಹೋಗುವುದಿಲ್ಲ. ಖಾನಾವಳಿಯಲ್ಲಿ ಊಟ ಮುಗಿಸಿದವರು ಏಳದೆ ಕುಳಿತರೆ ಬಾಗಿಲಲ್ಲಿ ಹೊಸಬರು ನಿಂತೇ ಇರಬೇಕಾಗುತ್ತದಲ್ಲ, ಅದೇ ಸ್ಥಿತಿ. ಯಾವ ಫೈಲೂ ತೆರೆದಿರದೆ ಸುಮ್ಮನಿರುವ ಸೆಷನ್ನನ್ನು ವಿಂಡೋಸ್ ತಾನಾಗಿ ಮುಚ್ಚಲು 15 ನಿಮಿಷ ಕಾಯುತ್ತದೆ. ಒಂದು ಎಕ್ಸೆಲ್ ಶೀಟ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಸ್ಥಾನ ಬಿಡುಗಡೆಯಾಗುವುದೇ ಇಲ್ಲ. ಸಂಜೆ ಕಂಪ್ಯೂಟರ್ ಆಫ್ ಮಾಡದೆ ಮಾನಿಟರ್ ಮಾತ್ರ ಆರಿಸಿ ಹೋಗುವ ಹಿರಿಯರಿದ್ದಾರೆ. ಅವರು ತೆರೆದಿಟ್ಟು ಹೋದ ಫೈಲುಗಳಿಂದಾಗಿ ಮರುದಿನದ ಎಣಿಕೆ ಬೆಳಗಾಗುವ ಮೊದಲೇ ನಾಲ್ಕೈದರಿಂದ ಶುರುವಾಗಿರುತ್ತದೆ. ನಾಲ್ಕೈದು ಮಂದಿ ರಾತ್ರಿಯಿಂದ ಕುಳಿತಿರುವಾಗ, ಹತ್ತೂವರೆಗೆ ಬಸ್ಸಿನಿಂದ ಇಳಿದು ಬಂದವಳಿಗೆ ಜಾಗ ಸಿಗದಿದ್ದರೆ ಅಚ್ಚರಿ ಏನು? ‘ಇವಳ ಸಿಸ್ಟಮ್ ಯಾವಾಗಲೂ ತಕರಾರು’ ಎಂದು ಎಲ್ಲರೆದುರು ಹೇಳುವ ಮೊದಲು ಆ ಪಟ್ಟಿಯನ್ನೊಮ್ಮೆ ನೋಡಿ ಎಂಬುದೇ ಯಜಮಾನರಿಗೆ ನನ್ನ ಬಿನ್ನಹ.

ಪಟ್ಟಿ ನೋಡುವುದು ಕಷ್ಟವಲ್ಲ. ಸರ್ವರ್ ಎನಿಸಿಕೊಂಡ ಡೆಸ್ಕ್‌ಟಾಪಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಶೇರ್ಡ್ ಫೋಲ್ಡರ್ಸ್ ಅಡಿಯಲ್ಲಿ ಸೆಷನ್ಸ್ ಒತ್ತಿದರೆ ಸಾಕು. ಯಾವ ಯೂಸರ್, ಯಾವ ಕಂಪ್ಯೂಟರ್, ಎಷ್ಟು ಫೈಲ್ ತೆರೆದಿದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ಬಹಳ ಹೊತ್ತಿನಿಂದ ಸುಮ್ಮನಿರುವ, ಫೈಲ್ ಸಂಖ್ಯೆ ಸೊನ್ನೆ ಇರುವ ಸಾಲಿನ ಮೇಲೆ ರೈಟ್ ಕ್ಲಿಕ್ ಒತ್ತಿ ಮುಚ್ಚಿದರೆ ಒಂದು ಸ್ಥಾನ ತೆರವಾಗುತ್ತದೆ. ಫೈಲ್ ತೆರೆದಿರುವ ಸಾಲನ್ನು ಮಾತ್ರ ಮುಟ್ಟಬೇಡಿ, ಅವರು ಉಳಿಸದ ಕೆಲಸ ಹೋದೀತು. ಕಪ್ಪು ಪರದೆಯ ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್ ಕಾನ್ಫಿಗ್ ಸರ್ವರ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಗರಿಷ್ಠ ಎಷ್ಟು ಮಂದಿ, ಸುಮ್ಮನಿದ್ದರೆ ಎಷ್ಟು ನಿಮಿಷ ಎಂಬ ಎರಡು ಸಂಖ್ಯೆಗಳೂ ಎದುರಿಗೆ ಬರುತ್ತವೆ. ಎರಡನೆಯದನ್ನು ಅದೇ ಕಮ್ಯಾಂಡಿನ ಮುಂದೆ ‘ಆಟೋಡಿಸ್ಕನೆಕ್ಟ್’ ಸೇರಿಸಿ ಐದು ನಿಮಿಷಕ್ಕೆ ಇಳಿಸಬಹುದು. ಇಪ್ಪತ್ತರ ಅಂಚಿನಲ್ಲಿರುವ ಆಫೀಸಿಗೆ ಇದರಿಂದ ಕೆಲವು ತಿಂಗಳ ಉಸಿರು ಸಿಗುತ್ತದೆ. ಮೊದಲನೆಯ ಸಂಖ್ಯೆಯನ್ನು ಮಾತ್ರ ಮೇಲೇರಿಸಲಾಗದು.

ಏರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಎಕ್ಸ್‌ಪಿ ಕಾಲದಲ್ಲಿ ಒಂದು ‘ಪ್ಯಾಚ್’ ಊರೂರು ಸುತ್ತಿತ್ತು. 2004ರಲ್ಲಿ ಬಂದ ಸರ್ವಿಸ್ ಪ್ಯಾಕ್ 2, ವೈರಸ್ ಹರಡುವುದನ್ನು ನಿಧಾನಗೊಳಿಸಲೆಂದು, ಕಂಪ್ಯೂಟರಿನಿಂದ ಹೊರಗೆ ಹೋಗುವ ಅರೆತೆರೆದ ಕನೆಕ್ಷನ್‌ಗಳಿಗೆ ಹತ್ತರ ಮಿತಿ ಹಾಕಿತ್ತು. ಆ ಪ್ಯಾಚ್ ಅದನ್ನು ಸಡಿಲಿಸುತ್ತಿತ್ತು. ಅಲ್ಲೂ ಹತ್ತು, ಇಲ್ಲೂ ಹತ್ತು ಎಂಬ ಒಂದೇ ಕಾರಣಕ್ಕೆ ಫೈಲ್ ಹಂಚಿಕೆಯ ತೊಂದರೆಗೂ ಅದನ್ನೇ ಹಾಕಿದರು. ಒಳಗೆ ಬರುವವರ ಎಣಿಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಸಿಸ್ಟಮ್ ಫೈಲೊಂದು ಆಫೀಸಿನ ಲೆಕ್ಕಪತ್ರಗಳಿರುವ ಯಂತ್ರದೊಳಗೆ ಕುಳಿತದ್ದಷ್ಟೇ ಲಾಭ. ಇನ್ನು ಕೆಲವರು ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕುತ್ತಾರೆ, ಫೋಲ್ಡರನ್ನು ಎರಡು ಹೆಸರಿನಲ್ಲಿ ಶೇರ್ ಮಾಡುತ್ತಾರೆ. ಮಿತಿ ಇರುವುದು ಇಡೀ ಯಂತ್ರಕ್ಕೆ. ನಡುವೆ ಏನನ್ನೋ ನಿಲ್ಲಿಸಿ ಹತ್ತು ಸಾಧನಗಳನ್ನು ಒಂದಾಗಿ ತೋರಿಸಿದರೂ ಎಣಿಕೆ ಹತ್ತೇ ಎಂದು ಲೈಸೆನ್ಸ್ ಸ್ಪಷ್ಟವಾಗಿ ಹೇಳುತ್ತದೆ. ಡೇಟಾವನ್ನು ಎರಡು ಡೆಸ್ಕ್‌ಟಾಪಿಗೆ ಹಂಚಿದರೆ ಒಂದೊಂದಕ್ಕೂ ಇಪ್ಪತ್ತು ಸಿಗುತ್ತದೆ, ಅದು ನಿಯಮದೊಳಗಿನ ದಾರಿಯೇ. ಆದರೆ ಯಾವ ಗ್ರಾಹಕರ ಫೈಲ್ ಯಾವುದರಲ್ಲಿ ಎಂಬ ಗೊಂದಲ ಆರು ತಿಂಗಳಲ್ಲಿ ಎಂಥ ಅಚ್ಚುಕಟ್ಟಾದ ಆಫೀಸನ್ನೂ ಕೆಡಿಸುತ್ತದೆ.

ನಮ್ಮ ಕಡೆ ಈ ವಿಷಯ ಹೆಚ್ಚು ಕಾಡುವುದು ಟ್ಯಾಲಿ ಇರುವಲ್ಲಿ. 1986ರಲ್ಲಿ ಬೆಂಗಳೂರಿನಲ್ಲಿ ತಂದೆ ಶ್ಯಾಮ್ ಸುಂದರ್ ಗೋಯಂಕಾ, ಮಗ ಭರತ್ ಗೋಯಂಕಾ ಕೂಡಿ ಶುರು ಮಾಡಿದ ಕಂಪನಿಯ ಈ ಲೆಕ್ಕಪತ್ರ ತಂತ್ರಾಂಶ ಇಂದು ಎಪಿಎಂಸಿ ದಲಾಲರ ಅಂಗಡಿಯಲ್ಲೂ ಇದೆ. ಅದರ ಸಿಲ್ವರ್ ಲೈಸೆನ್ಸ್ ಒಬ್ಬರಿಗೆ. ಗೋಲ್ಡ್ ತೆಗೆದುಕೊಂಡರೆ ಒಂದೇ ಲ್ಯಾನ್‌ನಲ್ಲಿ ಎಷ್ಟು ಮಂದಿ ಬೇಕಾದರೂ ಬಳಸಬಹುದು. ‘ಗೋಲ್ಡ್ ತಗೊಂಡೀವ್ರಿ, ಅನ್‌ಲಿಮಿಟೆಡ್ ಅಂದಾರ’ ಎಂದು ಯಜಮಾನರು ಬಿಲ್ಲು ತೋರಿಸುತ್ತಾರೆ. ಆ ಮಾತು ನಿಜವೇ. ಆದರೆ ಟ್ಯಾಲಿಯ ಡೇಟಾ ಫೋಲ್ಡರ್ ಇರುವುದು ಡೆಸ್ಕ್‌ಟಾಪ್ ವಿಂಡೋಸ್ ಮೇಲೆ. ಮೇಲಿನ ಲೈಸೆನ್ಸ್ ಎಷ್ಟೇ ಜನರನ್ನು ಬಿಟ್ಟರೂ ಕೆಳಗಿನದು ಇಪ್ಪತ್ತಕ್ಕೆ ನಿಲ್ಲಿಸುತ್ತದೆ. ಎರಡು ಕಂಪನಿಗಳ ಎರಡು ಕಾಗದಗಳನ್ನು ಒಟ್ಟಿಗೆ ಓದಿ ಹೇಳುವವರು ಯಾರೂ ಇಲ್ಲದ ಕಾರಣ, ಟ್ಯಾಲಿಯನ್ನು ಬೈದುಕೊಂಡು ತಿಂಗಳುಗಟ್ಟಲೆ ಕಳೆಯುವವರನ್ನು ಕಂಡಿದ್ದೇನೆ.

ಹಾಗಾದರೆ ಇಪ್ಪತ್ತು ದಾಟಿದವರು ಏನು ಮಾಡಬೇಕು? ಒಂದು, ವಿಂಡೋಸ್ ಸರ್ವರನ್ನೇ ಕೊಳ್ಳುವುದು. ಇದರ ಸ್ಟ್ಯಾಂಡರ್ಡ್ ಆವೃತ್ತಿಗೆ ಹೆಚ್ಚು ಜನ ಸೇರಬಹುದು, ಆದರೆ ಸೇರುವ ಪ್ರತಿ ಬಳಕೆದಾರರಿಗೆ ಅಥವಾ ಪ್ರತಿ ಸಾಧನಕ್ಕೆ ‘ಕ್ಯಾಲ್’ ಎಂಬ ಬೇರೆ ಲೈಸೆನ್ಸ್ ಬೇಕು. ಒಂದೇ ಕಂಪ್ಯೂಟರಿನಲ್ಲಿ ಪಾಳಿಯ ಮೇಲೆ ಇಬ್ಬರು ಮೂವರು ಕೂರುವ ಕಡೆ ಸಾಧನದ ಲೆಕ್ಕ ಅಗ್ಗ. ಒಬ್ಬೊಬ್ಬರ ಕೈಯಲ್ಲಿ ಲ್ಯಾಪ್‌ಟಾಪೂ ಫೋನೂ ಇರುವ ಕಡೆ ಬಳಕೆದಾರರ ಲೆಕ್ಕ ಅಗ್ಗ. ಸಣ್ಣ ಆಫೀಸುಗಳಿಗೆಂದೇ ಎಸೆನ್ಷಿಯಲ್ಸ್ ಎಂಬ ಆವೃತ್ತಿಯಿದೆ: 25 ಬಳಕೆದಾರರು, 50 ಸಾಧನಗಳವರೆಗೆ ಕ್ಯಾಲ್ ಬೇಕಾಗಿಲ್ಲ. ನಮ್ಮ ಆಡಿಟರ್ ಆಫೀಸುಗಳಿಗೆ ಹೇಳಿ ಮಾಡಿಸಿದ ಅಳತೆ ಅದು, ಆದರೆ ಅಂಗಡಿಯವರ ಬಾಯಲ್ಲಿ ಅದರ ಹೆಸರು ಬರುವುದು ಅಪರೂಪ.

ನನಗೆ ಹೆಚ್ಚು ಪ್ರೀತಿಯ ದಾರಿ ಎರಡನೆಯದು: ಸಾಂಬಾ. ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವಾಗ ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಅದರ ಮೂಲ 1980ರ ದಶಕದ ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ ಮಾಡಿದ ಕೆಲಸ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ 1991ರ ಕೊನೆಯಲ್ಲಿ, ಯುನಿಕ್ಸ್ ಯಂತ್ರದ ಡಿಸ್ಕನ್ನು ತನ್ನ ಡಾಸ್ ಕಂಪ್ಯೂಟರಿನಲ್ಲಿ ಕಾಣಬೇಕಾಗಿತ್ತು. ಕೈಯಲ್ಲಿ ಯಾವ ದಾಖಲೆಯೂ ಇರಲಿಲ್ಲ. ವೈರಿನ ಮೇಲೆ ಹಾದುಹೋಗುವ ಮಾತನ್ನೇ ಕದ್ದು ಕೇಳಿ, ಅದರ ವ್ಯಾಕರಣ ಊಹಿಸಿ, ಉತ್ತರಿಸಬಲ್ಲ ಪ್ರೋಗ್ರಾಮ್ ಬರೆದು 1992ರ ಜನವರಿಯಲ್ಲಿ ಎಲ್ಲರಿಗೂ ಹಂಚಿದರು. ಮುಂದೆ ಹೆಸರು ಬದಲಿಸಬೇಕಾಗಿ ಬಂದಾಗ, ಎಸ್, ಎಂ, ಬಿ ಅಕ್ಷರಗಳು ಅನುಕ್ರಮವಾಗಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ ಸಾಂಬಾ ಎಂದಿಟ್ಟರು. ಆ ಭಾಷೆಯ ಪೂರ್ಣ ವಿವರ ಹೊರಬರಲು ಯುರೋಪಿನಲ್ಲಿ ದೊಡ್ಡ ಮೊಕದ್ದಮೆಯೇ ನಡೆಯಿತು. ಮೈಕ್ರೋಸಾಫ್ಟ್ ವಿವರ ಕೊಡಬೇಕೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಕಟ್ಟಿ ಸಾಂಬಾ ತಂಡದ ಕಡೆಯವರು ದಾಖಲೆಗಳನ್ನು ಪಡೆದರು. ಅದಕ್ಕೂ ಮೊದಲಿನ ಹದಿನೈದು ವರ್ಷ ಆ ತಂಡ ಕಿವಿಯನ್ನೇ ನಂಬಿ ಕೆಲಸ ಮಾಡಿತ್ತು. ಇದನ್ನು ನೆನೆದರೆ ನನ್ನ ವೃತ್ತಿಯ ಬಗ್ಗೆ ಅಭಿಮಾನ ಉಕ್ಕುತ್ತದೆ.

ಆ ಶ್ರಮದ ಫಲ ಇಂದು ಯಾರಿಗೂ ಬಿಟ್ಟಿ. ಮೂಲೆಗೆ ಬಿದ್ದ 4 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪಿಗೆ ಹೊಸ ಡಿಸ್ಕ್ ಹಾಕಿ, ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಕೂರಿಸಿ, ಸಾಂಬಾ ಸೇರಿಸಿದರೆ ಫೈಲ್ ಸರ್ವರ್ ಸಿದ್ಧ. ಅದರ ಸೆಟ್ಟಿಂಗ್ ಫೈಲಿನಲ್ಲಿ ಗರಿಷ್ಠ ಕನೆಕ್ಷನ್ ಎಂಬ ಸಾಲು ಇದೆ. ನಾವು ಮುಟ್ಟದಿದ್ದರೆ ಅದರ ಬೆಲೆ ಸೊನ್ನೆ, ಅಂದರೆ ಮಿತಿಯಿಲ್ಲ. ಮೂವತ್ತು ಜನರ ಎಕ್ಸೆಲ್, ಪಿಡಿಎಫ್ ಕೆಲಸಕ್ಕೆ ಅಂಥ ಯಂತ್ರ ಬೆವರುವುದೂ ಇಲ್ಲ. ಸಿಬ್ಬಂದಿಯ ಕಡೆ ಏನೂ ಬದಲಾಗದು, ಅದೇ ಝಡ್ ಡ್ರೈವ್, ಅದೇ ಫೋಲ್ಡರುಗಳು. ಆದರೆ ಲಿನಕ್ಸ್ ಬಲ್ಲ ಒಬ್ಬರು ಕರೆದಾಗ ಬರುವಂತಿರಬೇಕು. ಅಂಥವರು ಹತ್ತಿರದಲ್ಲಿ ಇಲ್ಲದ ಊರಿನವರಿಗೆ ನಾನು ಎನ್‌ಎಎಸ್ ಎಂಬ, ನೆಟ್‌ವರ್ಕಿಗೆ ನೇರ ಜೋಡಿಸುವ ಡಿಸ್ಕ್ ಪೆಟ್ಟಿಗೆಯನ್ನೇ ಹೇಳುತ್ತೇನೆ. ಸಿನಾಲಜಿ, ಕ್ಯೂನ್ಯಾಪ್ ಮುಂತಾದವರ ಎರಡು ಡಿಸ್ಕಿನ ಪೆಟ್ಟಿಗೆಗಳ ಒಳಗೆ ಓಡುವುದೂ ಲಿನಕ್ಸ್ ಮತ್ತು ಸಾಂಬಾವೇ, ಹೊರಗೆ ಬ್ರೌಸರಿನಲ್ಲಿ ಕಾಣುವ ಸರಳ ಪುಟ. ಒಂದು ಡಿಸ್ಕಿನ ನಕಲು ಇನ್ನೊಂದರಲ್ಲಿ ಸದಾ ಇರುವಂತೆ ಮಾಡಿದರೆ ಒಂದು ಕೆಟ್ಟರೂ ಆಫೀಸು ನಿಲ್ಲದು. ಮೇಜಿನಡಿಯ ಡೆಸ್ಕ್‌ಟಾಪಿನಲ್ಲಿ ಈ ವ್ಯವಸ್ಥೆ ಇರುವುದನ್ನು ನಾನು ಕಂಡದ್ದು ತೀರಾ ಕಡಿಮೆ. ಯಾರೋ ಸಂಜೆ ಅಭ್ಯಾಸಬಲದಿಂದ ಆಫ್ ಮಾಡುವ ಭಯವೂ, ಅಪ್‌ಡೇಟ್ ಬಂದು ನಡುಹಗಲು ರೀಸ್ಟಾರ್ಟ್ ಆಗುವ ಭಯವೂ ಆ ಡೆಸ್ಕ್‌ಟಾಪಿನ ಜೊತೆಗೇ ಹೋಗುತ್ತವೆ.

ಒಂದು ಎಚ್ಚರಿಕೆ ಬೇಕು. ಹಳೆಯ ಸ್ಕ್ಯಾನರಿಗೋ ಎಕ್ಸ್‌ಪಿ ಯಂತ್ರಕ್ಕೋ ಹೊಂದಲಿ ಎಂದು ಹೊಸ ಸರ್ವರಿನಲ್ಲಿ ಎಸ್‌ಎಂಬಿ 1 ಅನ್ನು ಆನ್ ಮಾಡಿಸಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿದ ವಾನ್ನಾಕ್ರೈ ಹರಡಿದ್ದು ಆ ಹಳೆಯ ಆವೃತ್ತಿಯ ಬಿರುಕಿನಿಂದಲೇ.

ಬದಲಾವಣೆಗೆ ಇಪ್ಪತ್ತು ತುಂಬುವವರೆಗೆ ಕಾಯುವುದು ಸಲ್ಲ. ಪ್ರಿಂಟರ್, ಫೋನು, ಲ್ಯಾಪ್‌ಟಾಪ್ ಸೇರಿ ಸೆಷನ್ ಪಟ್ಟಿ ಹದಿನೈದು ಮುಟ್ಟಿತೆಂದರೆ ಹಣ ಎತ್ತಿಡಲು ಶುರು ಮಾಡಿ. ಆಡಿಟರ್ ಆಫೀಸಿನವರಾದರೆ ಜುಲೈಯಿಂದ ಡಿಸೆಂಬರ್‌ವರೆಗೆ ಇದಕ್ಕೆ ಕೈ ಹಾಕಬೇಡಿ, ರಿಟರ್ನು, ಆಡಿಟ್ಟು, ಜಿಎಸ್‌ಟಿಯ ವಾರ್ಷಿಕ ಲೆಕ್ಕ ಒಂದರ ಹಿಂದೊಂದು ಬರುತ್ತವೆ. ಫೆಬ್ರುವರಿಯ ಒಂದು ಶನಿವಾರ ಸಂಜೆ ಒಳ್ಳೆಯದು. ಎಲ್ಲರೂ ಫೈಲ್ ಮುಚ್ಚಿ ಹೋದ ಮೇಲೆ ಹಳೆಯ ಯಂತ್ರದ ಹೆಸರು ಬದಲಿಸಿ, ಅದರ ಹಳೆಯ ಹೆಸರನ್ನೂ ಐಪಿ ವಿಳಾಸವನ್ನೂ ಹೊಸದಕ್ಕೆ ಕೊಟ್ಟು, ರಾತ್ರಿಯಿಡೀ ಡೇಟಾ ನಕಲಾಗಲು ಬಿಡಿ. ಭಾನುವಾರ ಒಬ್ಬರು ಬಂದು ಹತ್ತಿಪ್ಪತ್ತು ಫೈಲ್ ತೆರೆದು, ತಿದ್ದಿ, ಉಳಿಸಿ ನೋಡಲಿ. ಎಲ್ಲರಿಗೂ ಅವರವರ ಹೆಸರಿನಲ್ಲೇ ಪಾಸ್‌ವರ್ಡ್ ಕೊಡಿ, ಆಗ ಯಾರು ಯಾವ ಫೈಲಿನಲ್ಲಿದ್ದಾರೆ ಎಂದು ಪಟ್ಟಿ ತಾನೇ ಹೇಳುತ್ತದೆ. ಹಳೆಯ ಡೆಸ್ಕ್‌ಟಾಪಿನ ಡಿಸ್ಕನ್ನು ಮಾರ್ಚ್ 31 ಕಳೆಯುವವರೆಗೆ ಅಳಿಸಬೇಡಿ.